ಸಾಲ್ಮನ್ ಮೀನು ಏರಿಬರುವ ನದಿ ಮತ್ತು ದಡದ ಮಣ್ಣು

ಕೆನಡಾ ದೇಶದ ಪಶ್ಚಿಮದಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಆಡಮ್ಸ್ ಎಂಬ ನದಿ ಇದೆ. ಆಡಮ್ಸ್ ಸರೋವರದಿಂದ ಹೊರಟು ಶುಸ್ವಾಪ್ ಸರೋವರ ಸೇರುವ ಇದರ ಕೆಳಭಾಗದ ಉದ್ದ ಸುಮಾರು 11 ಕಿ.ಮೀ. ಮಾತ್ರ. ಇಲ್ಲಿನ ದಡಗಳನ್ನು 1977ರಲ್ಲಿ ಉದ್ಯಾನವಾಗಿ ಕಾಯ್ದಿರಿಸಿ, ಲೇಖಕ ರೋಡರಿಕ್ ಹೇಗ್‌-ಬ್ರೌನ್ ಅವರ ಹೆಸರಿಡಲಾಯಿತು. 2018ರಿಂದ ಅದಕ್ಕೆ ಅಲ್ಲಿನ ಮೂಲನಿವಾಸಿಗಳ ಭಾಷೆಯ 'ಚೂಚ್ವೆಕ್' ಎಂಬ ಹೆಸರಿದೆ. ಹಲವು ನದಿಗಳು ಎಂದು ಅರ್ಥ.

ಮಳೆಗಾಲ ಮುಗಿದು ನಮ್ಮಲ್ಲಿ ಹಿಂಗಾರು ಬಿತ್ತನೆ ನಡೆಯುವ ಹೊತ್ತಿಗೆ, ಸಾಕೈ ಜಾತಿಯ ಸಾಲ್ಮನ್ ಮೀನುಗಳು ಸಮುದ್ರದಿಂದ ಸುಮಾರು 500 ಕಿ.ಮೀ. ಪ್ರವಾಹಕ್ಕೆ ಎದುರಾಗಿ ಈಜಿ ಇಲ್ಲಿಗೆ ಬರುತ್ತವೆ. ದಾರಿಯಲ್ಲಿ ಆಹಾರ ಮುಟ್ಟುವುದಿಲ್ಲ. ಮೈ ಕೆಂಪಾಗಿ, ತಲೆ ಹಸಿರಾಗಿರುತ್ತದೆ. ಹೆಣ್ಣು ಮೀನು ಬಾಲದಿಂದ ನೊರಜುಕಲ್ಲುಗಳನ್ನು ಸರಿಸಿ ಗುಣಿ ಮಾಡಿ, ಮೂರು-ನಾಲ್ಕು ಸಾವಿರ ಮೊಟ್ಟೆಗಳನ್ನಿಟ್ಟು ಮುಚ್ಚಿ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಗಂಡಿನ ಗತಿಯೂ ಅದೇ. ಹೆಚ್ಚಿನ ಮೀನುಗಳು ನಾಲ್ಕನೆಯ ವರ್ಷದಲ್ಲಿ ಹಿಂದಿರುಗುವುದರಿಂದ 2010, 2014, 2018, 2022 ಹೀಗೆ ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಬರವು ಕಂಡುಬರುತ್ತದೆ.

ಬೇಸಾಯಗಾರರು ಗಮನಿಸಬೇಕಾದ ಅಂಶ ಈ ಸಾವಿನಲ್ಲಿದೆ. ಮಣ್ಣಿನ ಸತ್ವ ನೀರಿನೊಡನೆ ಕೊಚ್ಚಿ ಸಮುದ್ರ ಸೇರುವುದನ್ನೇ ನಾವು ಕಂಡಿದ್ದೇವೆ. ಸಾಲ್ಮನ್ ಮಾತ್ರ ಸಮುದ್ರದ ಸಾರಜನಕ ಮತ್ತು ರಂಜಕವನ್ನು ಮೈಯಲ್ಲಿ ಹೊತ್ತು ಮೇಲಕ್ಕೆ ತರುತ್ತದೆ. ಕರಡಿ, ಹದ್ದು, ನೆರೆನೀರು ಅದರ ಕಳೇಬರವನ್ನು ದಡಕ್ಕೆ ಹರಡುತ್ತವೆ. ಪೆಸಿಫಿಕ್ ಕರಾವಳಿಯ ಇಂತಹ ನದಿಗಳ ಪಕ್ಕದ ಮರಗಳಲ್ಲಿ ಸಮುದ್ರ ಮೂಲದ ಸಾರಜನಕವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ತೆಂಗಿನ ಬುಡಕ್ಕೆ ಮೀನುಗೊಬ್ಬರ ಹಾಕಿದ ನಮ್ಮ ಕರಾವಳಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಮರಗಳೂ ಈ ಸಾಲವನ್ನು ತೀರಿಸುತ್ತವೆ. ಮೊಟ್ಟೆಗಳು ಚಳಿಗಾಲವಿಡೀ ಕಲ್ಲುಗಳ ಸಂದಿಯಲ್ಲಿರುತ್ತವೆ. ಸಂದಿಯಲ್ಲಿ ನೀರು ಹರಿದರಷ್ಟೇ ಅವುಗಳಿಗೆ ಆಮ್ಲಜನಕ. ದಡ ಕುಸಿದು ಹೂಳು ತುಂಬಿದರೆ ಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ. ಬೇರು ದಡವನ್ನು ಹಿಡಿಯುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ. ಇದನ್ನು ಕಡೆಗಣಿಸಿ 1908ರ ಸುಮಾರಿಗೆ ಮರದ ವ್ಯಾಪಾರಿಗಳು ದಿಮ್ಮಿಗಳನ್ನು ತೇಲಿಬಿಡಲು ಆಡಮ್ಸ್ ಸರೋವರದ ಬಾಯಿಗೆ ಒಡ್ಡು ಕಟ್ಟಿದರು. ಕೂಡಿಟ್ಟ ನೀರನ್ನು ಒಮ್ಮೆಲೇ ಬಿಟ್ಟಾಗ ನದಿಯ ತಳವೇ ಕೆದರಿಹೋಗುತ್ತಿತ್ತು. ಒಡ್ಡಿನ ಮೇಲ್ಭಾಗದ ನದಿಗೆ ಹೋಗುತ್ತಿದ್ದ ಮೀನಿನ ಸಂತತಿ ನಾಶವಾಯಿತು. 1945ರಲ್ಲಿ ಒಡ್ಡನ್ನು ತೆಗೆದರೂ ಆ ಸಂತತಿ ಮೊದಲಿನಂತೆ ಮರಳಲಿಲ್ಲ.

2023ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಈ ಉದ್ಯಾನವನ್ನೂ ಸುಟ್ಟಿತು. ಸತ್ತ ಮರದ ಬೇರು ಕೂಡಲೇ ಸಡಿಲಾಗುವುದಿಲ್ಲ, ಕೆಲವು ವರ್ಷ ಮಣ್ಣನ್ನು ಹಿಡಿದಿರುತ್ತದೆ. ಹಳ್ಳದ ದಡದಲ್ಲಿ ಒಣಗಿದ ಮರವನ್ನು ಕಡಿಯುವಾಗಲೂ ಬುಡ ಕೀಳಬಾರದೆಂದು ಹೇಳುವುದು ಇದಕ್ಕಾಗಿಯೇ. ಹಳೆಯ ಬೇರು ಕೊಳೆಯುವುದರೊಳಗೆ ಹೊಸ ಗಿಡಗಳ ಬೇರು ಇಳಿಯಬೇಕು. ಆಡಮ್ಸ್ ದಡದಲ್ಲಿ ಸುಟ್ಟ ಭಾಗದ ಅಳಿವು ಉಳಿವು ಈ ಕೆಲವು ವರ್ಷಗಳ ಮೇಲೆ ನಿಂತಿದೆ.