ಗಿಟಾರಿನ ಮೇರು ಮತ್ತು ಅದರ ಕಚ್ಚುಗಳು

ತಂತಿವಾದ್ಯದಲ್ಲಿ ನಾದವು ತಂತಿಯಿಂದಲೇ ಹುಟ್ಟುವುದಾದರೂ, ಆ ತಂತಿ ಎಲ್ಲಿಂದ ಎಲ್ಲಿಯವರೆಗೆ ಮಿಡಿಯಬೇಕೆಂಬುದನ್ನು ನಿರ್ಣಯಿಸುವುವು ಎರಡು ಆಧಾರಗಳು. ವೀಣೆಯಲ್ಲಿ ಇವುಗಳಿಗೆ ಕುದುರೆ, ಮೇರು ಎಂಬ ಹೆಸರುಗಳಿವೆ. ಗಿಟಾರಿನಲ್ಲಿಯೂ ಇವೆರಡೂ ಉಂಟು. ಬಿರಡೆಗಳ ಕಡೆಯಲ್ಲಿ, ದಂಡಿಯ ತುದಿಗೆ ಅಡ್ಡಲಾಗಿ ಕೂರಿಸಿದ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿಯೇ ಅದರ ಮೇರು. ಅಂಗಡಿಯವರು ಇದನ್ನು ‘ನಟ್’ ಎನ್ನುತ್ತಾರೆ. ಬೋಲ್ಟಿಗೆ ತಿರುಗಿಸುವ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಅದರ ಮೇಲೆ ಆರು ತಂತಿಗಳಿಗೆ ಆರು ಕಚ್ಚುಗಳಿರುತ್ತವೆ. ಈ ಕಚ್ಚುಗಳ ಆಳವನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ನಮ್ಮ ಮುಂಬಯಿಗೆ ಗಿಟಾರು ಹೊಸದಲ್ಲ. ಧೋಬಿ ತಲಾವಿನ ಫುರ್ಟಾಡೋಸ್ ಸಂಸ್ಥೆಯ ಚರಿತ್ರೆ 1865ರಿಂದ ಆರಂಭವಾಗುತ್ತದೆ. ಗೋವೆಯಿಂದ ಬಂದ ವಾದಕರು ಇಲ್ಲಿನ ಚಲಚ್ಚಿತ್ರ ಸಂಗೀತಕ್ಕೆ ಸಲ್ಲಿಸಿದ ಸೇವೆ ಪ್ರಸಿದ್ಧವಾದುದು. ಇಂದು ಚಾಳಿನ ಮನೆಗಳಲ್ಲಿಯೂ ಗಿಟಾರನ್ನು ಕಾಣುತ್ತೇವೆ. ಆದರೆ ಅಲ್ಪ ಬೆಲೆಯ ವಾದ್ಯವನ್ನು ಕೊಂಡ ವಿದ್ಯಾರ್ಥಿಗೆ ಮೊದಲ ತಿಂಗಳಲ್ಲಿಯೇ ಎರಡು ಕಷ್ಟಗಳು ಎದುರಾಗುವುದುಂಟು: ಬೆರಳುಗಳು ವಿಪರೀತ ನೋಯುತ್ತವೆ, ಎಷ್ಟು ಶ್ರುತಿ ಮಾಡಿದರೂ ಸ್ವರಗಳು ಕೂಡುವುದಿಲ್ಲ. ಆಗ ಮನೆಯವರು “ನಿನಗೆ ಸ್ವರಜ್ಞಾನವಿಲ್ಲ” ಎಂದುಬಿಡುತ್ತಾರೆ. ಗಿಟಾರು ಕಪಾಟಿನ ಮೇಲೇರುತ್ತದೆ. ದೋಷವು ವಿದ್ಯಾರ್ಥಿಯ ಕಿವಿಯಲ್ಲಿರದೆ ಮೇರುವಿನ ಕಚ್ಚುಗಳಲ್ಲಿರಬಹುದೆಂದು ಯಾರೂ ಎಣಿಸುವುದಿಲ್ಲ.

ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕುಳಿತಿರುತ್ತವೆ. ಸ್ಥಾನ ತಪ್ಪಿದರೆ ಮೇಣವನ್ನು ಕರಗಿಸಿ ಸರಿಪಡಿಸಬಹುದು. ಸಿತಾರಿನ ಮೆಟ್ಟಿಲುಗಳನ್ನು ದಾರದಿಂದ ಕಟ್ಟಿರುವುದರಿಂದ ಸರಿಸಲು ಬರುತ್ತದೆ. ಗಿಟಾರಿನವಾದರೋ ಮರದಲ್ಲಿ ಬಲವಾಗಿ ಹುದುಗಿದ ಲೋಹದ ಪಟ್ಟಿಗಳು, ಅವು ಅಲುಗುವಂತಿಲ್ಲ. ಆದಕಾರಣ ಅವಕ್ಕೆ ತಕ್ಕಂತೆ ಮೇರುವೇ ಸರಿಯಾಗಿರಬೇಕು.

ಕಚ್ಚು ಆಳ ಸಾಲದಿದ್ದರೆ ತಂತಿ ಎತ್ತರದಲ್ಲಿ ನಿಲ್ಲುತ್ತದೆ. ಅದನ್ನು ಮೆಟ್ಟಿಲಿಗೆ ಒತ್ತಿದಾಗ ತಂತಿ ಸ್ವಲ್ಪ ಹಿಗ್ಗಿ ಬಿಗಿತ ಹೆಚ್ಚುತ್ತದೆ. ಬಿಗಿತ ಹೆಚ್ಚಿದರೆ ಸ್ವರ ಏರುತ್ತದೆ. ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯದಿಂದಲೇ ಇದನ್ನು ಅಳೆಯಬಹುದು. ಮೇರುವಿನಿಂದ ಕುದುರೆಯವರೆಗೆ 650 ಮಿಲಿಮೀಟರ್ ಉದ್ದದ ತಂತಿಯಿದ್ದರೆ, ಮೊದಲನೆಯ ಮೆಟ್ಟಿಲು ಮೇರುವಿನಿಂದ ಸುಮಾರು 36.5 ಮಿಲಿಮೀಟರ್ ದೂರದಲ್ಲಿರುತ್ತದೆ. ಅಲ್ಲಿ ತಂತಿಯನ್ನು 1 ಮಿಲಿಮೀಟರ್ ಕೆಳಕ್ಕೊತ್ತಿದರೆ ಅದರ ಉದ್ದ ಸುಮಾರು 0.0145 ಮಿಲಿಮೀಟರ್ ಹೆಚ್ಚಾಗುತ್ತದೆ. ಏಳನೆಯ ಮೆಟ್ಟಿಲಿನಲ್ಲಿ ಅಷ್ಟೇ ಒತ್ತಿದರೆ ಹೆಚ್ಚಳ 0.0035 ಮಾತ್ರ. ಅಂದರೆ ಮೇರುವಿನ ಬಳಿ ಅದೇ ಇಳಿತಕ್ಕೆ ತಂತಿ ನಾಲ್ಕು ಪಟ್ಟು ಹಿಗ್ಗುತ್ತದೆ. ಕಲಿಯುವವರು ಮೊದಲು ನುಡಿಸುವುದು ಈ ಮೊದಲ ಮೂರು ಮೆಟ್ಟಿಲುಗಳಲ್ಲಿಯೇ ಅಲ್ಲವೆ? ಬಿರಡೆ ತಿರುಗಿಸುವುದರಿಂದ ಈ ದೋಷ ಪರಿಹಾರವಾಗದು. ಒತ್ತಿದ ಸ್ವರವನ್ನು ಸರಿಪಡಿಸಿದರೆ ಬಿಟ್ಟ ತಂತಿಯ ಸ್ವರ ಇಳಿಯುತ್ತದೆ.

ಪರೀಕ್ಷೆ ಸುಲಭ. ತಂತಿಯನ್ನು ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ಒತ್ತಿ ಹಿಡಿದು, ಮೊದಲನೆಯ ಮೆಟ್ಟಿಲಿಗೂ ತಂತಿಗೂ ನಡುವಿನ ಸಂದನ್ನು ನೋಡಬೇಕು. ಒಂದು ಕಾಗದದ ಹಾಳೆ ನುಸುಳುವಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ಸಂದಿದ್ದರೆ ಸಾಕು. ದಪ್ಪ ತಂತಿಗಳಿಗೆ ಇದು ಕೊಂಚ ಹೆಚ್ಚಿರಬಹುದು. ಸಂದು ಇದಕ್ಕಿಂತ ಬಹಳ ಹೆಚ್ಚಿದ್ದರೆ ಕಚ್ಚನ್ನು ಆಳ ಮಾಡಬೇಕು. ಸಂದೇ ಇಲ್ಲದಿದ್ದರೆ ಕಚ್ಚು ಆಗಲೇ ಆಳವಾಗಿಹೋಗಿದೆ.

ಆಳ ಮಾಡುವ ಕೆಲಸಕ್ಕೆ ಆಯಾ ತಂತಿಯ ದಪ್ಪಕ್ಕೆ ಹೊಂದುವ ಸಣ್ಣ ಅರಗಳು ಬೇಕು. ಲೋಹದ ತಂತಿಗಳಲ್ಲಿ ತೆಳ್ಳನೆಯದು ಸುಮಾರು 0.3 ಮಿಲಿಮೀಟರ್, ದಪ್ಪನೆಯದು ಸುಮಾರು 1.3 ಮಿಲಿಮೀಟರ್ ಇರುತ್ತದೆ. ಗರಗಸದ ಅಲಗು ತೆಳ್ಳನೆಯ ತಂತಿಗೆ ಅಗಲವಾಗುವುದು. ಮೊದಲು ತಂತಿಯನ್ನು ಸಡಿಲಿಸಿ ಪಕ್ಕಕ್ಕೆ ಸರಿಸಬೇಕು. ಎರಡು ಮೂರು ಬಾರಿ ಮಾತ್ರ ಅರವನ್ನು ಎಳೆಯಬೇಕು. ತಂತಿಯನ್ನು ಮತ್ತೆ ಕೂರಿಸಿ ಪೂರ್ಣ ಶ್ರುತಿಗೆ ಏರಿಸಿ ಪರೀಕ್ಷಿಸಬೇಕು. ಸಡಿಲವಾದ ತಂತಿಯ ಎತ್ತರವನ್ನು ನಂಬುವಂತಿಲ್ಲ. ಹೀಗೆ ಹತ್ತು ಸಲವಾದರೂ ಬೇಸರಿಸಬಾರದು. ಕೊನೆಗೆ ಪೆನ್ಸಿಲಿನ ಕಡ್ಡಿಯ ಪುಡಿಯನ್ನು ಕಚ್ಚಿಗೆ ಸವರಿದರೆ ಶ್ರುತಿ ಮಾಡುವಾಗ ತಂತಿ ತೊಡಕಿಲ್ಲದೆ ಜಾರುತ್ತದೆ.

ಆಳದಷ್ಟೇ ಮುಖ್ಯವಾದುದು ಕಚ್ಚಿನ ಓರೆ. ಅದು ಬಿರಡೆಗಳ ಕಡೆಗೆ ಇಳಿಜಾರಾಗಿರಬೇಕು. ತಂತಿಯು ಮೆಟ್ಟಿಲುಗಳ ಕಡೆಯ ಅಂಚಿನಲ್ಲಿಯೇ ಕೊನೆಯದಾಗಿ ತಾಗಬೇಕು. ಅಂಚು ತಗ್ಗಾಗಿ ನಡುಭಾಗ ಎತ್ತರವಾದರೆ ತಂತಿ ಅದರ ಮೇಲೆ ಸವರಿ ಝೇಂಕರಿಸುತ್ತದೆ. ಗಿಟಾರಿಗೆ ದೋಷವಾದ ಈ ಝೇಂಕಾರವೇ ತಂಬೂರಿಗೆ ಭೂಷಣ! 2024ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಮೀರಜಿನ ತಂಬೂರಿಗಳಲ್ಲಿ, ಕುದುರೆಯ ಮೈಯನ್ನು ಕುಶಲಕರ್ಮಿಗಳು ಬೇಕೆಂದೇ ಮೆಲುವಾಗಿ ಬಾಗಿಸಿ ಉಜ್ಜುತ್ತಾರೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸರ್ ಸಿ. ವಿ. ರಾಮನ್ನರು, ಬಾಗಿದ ಕುದುರೆಯ ದೆಸೆಯಿಂದ ತಂಬೂರಿ ಮತ್ತು ವೀಣೆಗಳಲ್ಲಿ ಉಪಸ್ವರಗಳು ಸಮೃದ್ಧವಾಗಿ ಕೇಳಿಬರುವುದನ್ನು 1921ರಲ್ಲಿ ವಿವರಿಸಿದರು. ಒಂದೇ ಅರ, ಒಂದೆಡೆ ನಾದವನ್ನು ಬೆಳೆಸುತ್ತದೆ, ಇನ್ನೊಂದೆಡೆ ಕೆಡಿಸುತ್ತದೆ.

ಎತ್ತರದ ವಿಷಯದಲ್ಲಿಯೂ ಹೀಗೆಯೇ. ಹವಾಯಿಯನ್ ಗಿಟಾರಿನಲ್ಲಿ ತಂತಿಯನ್ನು ಮೆಟ್ಟಿಲಿಗೆ ಒತ್ತುವುದಿಲ್ಲ. ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುತ್ತಾರೆ. ಅದಕ್ಕೆ ಎತ್ತರದ ಮೇರುವೇ ಯೋಗ್ಯ. 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಬ್ರಿಜ್ ಭೂಷಣ ಕಾಬ್ರಾ ಅವರ ಗಿಟಾರನ್ನು ಕೇಳಿದವರಿಗೆ ಈ ಶೈಲಿಯ ಸೊಗಸು ತಿಳಿದಿದೆ. ಆದುದರಿಂದ ನುಡಿಸುವ ಕ್ರಮವನ್ನು ತಿಳಿಯದೆ ಮೇರುವನ್ನು ಮುಟ್ಟಬಾರದು.

ಇನ್ನೊಂದು ಎಚ್ಚರಿಕೆ ನಮ್ಮ ಊರಿನವರಿಗೆ ವಿಶೇಷವಾಗಿ ಸಲ್ಲುವಂಥದು. ಮುಂಬಯಿಯ ಮಳೆಗಾಲದಲ್ಲಿ ಮರವು ತೇವವನ್ನು ಹೀರಿ ಉಬ್ಬುತ್ತದೆ. ಗಿಟಾರಿನ ಮುಖದ ಹಲಗೆ ಉಬ್ಬಿದರೆ ಕುದುರೆ ಮೇಲೇರಿ ತಂತಿಗಳು ಎತ್ತರವಾಗುತ್ತವೆ. ಇದು ಮೇರುವಿನ ತಪ್ಪಲ್ಲ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಸಂದು ಸರಿಯಾಗಿದ್ದರೆ ಕಚ್ಚನ್ನು ಕೊರೆಯಲೇಬಾರದು. ಆತುರದಿಂದ ಕೊರೆದರೆ ಬಿಟ್ಟ ತಂತಿ ಮೊದಲ ಮೆಟ್ಟಿಲಿಗೆ ಬಡಿಯತೊಡಗುತ್ತದೆ. ಮೂಳೆಯ ಪುಡಿಯನ್ನು ಅಂಟಿನೊಡನೆ ತುಂಬಿ ಮತ್ತೆ ಕೊರೆಯಬಹುದಾದರೂ ಹೊಸ ಮೇರುವನ್ನು ಹಾಕಿಸುವುದೇ ಉತ್ತಮ.

ಅರ ಹಿಡಿಯುವ ಅಭ್ಯಾಸವಿಲ್ಲದವರು ಈ ಕೆಲಸವನ್ನು ಅನುಭವಿ ಕರ್ಮಿಗೆ ಒಪ್ಪಿಸುವುದು ಒಳ್ಳೆಯದು. ಆದರೆ ಪರೀಕ್ಷೆಯನ್ನು ಎಲ್ಲರೂ ಮಾಡಬಲ್ಲರು. ಮನೆಯ ಮಗುವಿಗೆ ಸಂಗೀತ ಒಲಿಯಲಿಲ್ಲವೆಂದು ತೀರ್ಮಾನಿಸುವ ಮೊದಲು, ನೋಟ್‌ಪುಸ್ತಕದಿಂದ ಒಂದು ಹಾಳೆಯ ಚೂರನ್ನು ಹರಿದು, ಆ ಮೊದಲ ಮೆಟ್ಟಿಲಿನ ಮೇಲಿಟ್ಟು ನೋಡೋಣ.