ಮೀನೆಣ್ಣೆ ಗುಳಿಗೆಯೂ ಗಂಟುನೋವೂ: ಒಂದು ಲೆಕ್ಕ

ನಮ್ಮಲ್ಲಿ ಕುಂಭಾಶಿ, ಕೋಟೇಶ್ವರ ಕಡೆಯವರು ರಜೆಗೆ ಊರಿಗೆ ಹೋದಾಗ ಈ ಪ್ರಶ್ನೆ ಬಂದೇ ಬರುತ್ತದೆ: "ಮೀನೆಣ್ಣಿ ಗುಳ್ಗಿ ತಿಂದ್ರೆ ಗಂಟ್ ನೋವ್ ಹೋತ್ತಂಬ್ರಲೆ, ಹೌದಾ ಮಗಾ?" ಇಂಜಿನಿಯರಿಂಗ್ ಓದೋರಿಗೆ ಎಲ್ಲಾ ಗೊತ್ತು ಅನ್ನೋ ನಂಬಿಕೆ! ನಮಗೆ ಬರೋದು ಲೆಕ್ಕ ಮಾತ್ರ. ಅದನ್ನೇ ಮಾಡೋಣ.

ಮೊದಲು, ಯಾವ ಗಂಟುನೋವು? ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ದಾಳಿ ಮಾಡಿ ಉರಿಯೂತ ತರುತ್ತದೆ. ಈ ಉರಿಯೂತಕ್ಕೆ ಕಾರಣವಾಗುವ ಪ್ರೊಸ್ಟಾಗ್ಲಾಂಡಿನ್‌ಗಳು ಅರಾಕಿಡೋನಿಕ್ ಆಮ್ಲದಿಂದ ತಯಾರಾಗುತ್ತವೆ. ಮೀನೆಣ್ಣೆಯ ಇಪಿಎ ಅದೇ ಕಿಣ್ವಕ್ಕೆ ಪೈಪೋಟಿಗೆ ನಿಂತು, ಕಡಿಮೆ ಜೋರಿನ ವಸ್ತು ಹೊರಬರುವಂತೆ ಮಾಡುತ್ತದೆ. ಐಬುಪ್ರೊಫೆನ್ ತಡೆಯುವುದೂ ಈ ಕಿಣ್ವವನ್ನೇ. ಆದರೆ ಜೀವಕೋಶದ ಪೊರೆಯಲ್ಲಿ ಇಪಿಎ ಸೇರಿಕೊಳ್ಳಬೇಕಲ್ಲ, ಹಾಗಾಗಿ ಪರಿಣಾಮ ಕಾಣಲು ಎರಡು ಮೂರು ತಿಂಗಳು ಬೇಕು.

2007ರಲ್ಲಿ 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ನೋವು, ಬೆಳಗಿನ ಬಿಗಿತ, ನೋವಿನ ಗುಳಿಗೆಯ ಬಳಕೆ ಮೂರೂ ಕಡಿಮೆಯಾಗಿದ್ದವು. ಈ ಬಗೆಯ ಪ್ರಯೋಗಗಳಲ್ಲಿ ಇಪಿಎ, ಡಿಎಚ್‌ಎ ಸೇರಿ ದಿನಕ್ಕೆ ಸುಮಾರು 2.7 ಗ್ರಾಂ ಕೊಡುವುದು ರೂಢಿ.

ಲೆಕ್ಕ ತಪ್ಪುವುದು ಇಲ್ಲೇ. ಡಬ್ಬಿಯ ಎದುರಿಗೆ 1000 ಮಿ.ಗ್ರಾಂ ಅಂತ ದೊಡ್ಡದಾಗಿ ಇರುತ್ತದೆ. ಅದು ಎಣ್ಣೆಯ ತೂಕ. ಹಿಂದೆ ಸಣ್ಣಕ್ಷರದಲ್ಲಿ ಓದಿ: ಸಾಮಾನ್ಯ ಗುಳಿಗೆಯಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿ.ಗ್ರಾಂ. 2700 ಭಾಗಿಸು 300, ದಿನಕ್ಕೆ 9 ಗುಳಿಗೆ! ಮನೆಯಲ್ಲಿ ತಿನ್ನುತ್ತಿರುವುದು ಒಂದು. (ಒಂಬತ್ತು ನುಂಗಿಸಿ ಅಂತ ನಾವು ಹೇಳುತ್ತಿಲ್ಲ. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳೋರಂತೂ ಡಾಕ್ಟರನ್ನು ಕೇಳಲೇಬೇಕು.)

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. "ಮೀನೆಣ್ಣೆ ಇದ್ಯಲ್ಲ" ಅಂತ ಮೆಥೊಟ್ರೆಕ್ಸೇಟ್ ಬಿಟ್ಟುಬಿಡುವುದು. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಹೆಚ್ಚು ಮೀನೆಣ್ಣೆ ತಗೊಂಡ ಹೊಸ ರೋಗಿಗಳಲ್ಲಿ ಚಿಕಿತ್ಸೆ ವಿಫಲವಾದದ್ದು ಕಡಿಮೆ, ನಿಜ. ಆದರೆ ಅವರೆಲ್ಲ ಮೆಥೊಟ್ರೆಕ್ಸೇಟ್ ಸೇರಿದ ಔಷಧಿಗಳ ಜೊತೆಗೇ ಅದನ್ನು ತಗೊಂಡಿದ್ದರು. ಔಷಧಿ ಬಿಟ್ಟು ಕೀಲು ಒಮ್ಮೆ ಸವೆದರೆ ಮತ್ತೆ ಮೊದಲಿನಂತಾಗದು.

ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಿನ ಕಥೆ ಬೇರೆ. 2016ರಲ್ಲಿ ಪ್ರಕಟವಾದ 202 ಜನರ ಅಧ್ಯಯನದಲ್ಲಿ ಎರಡು ವರ್ಷದ ನಂತರ ನೋವು ಹೆಚ್ಚು ಇಳಿದದ್ದು ಕಡಿಮೆ ಪ್ರಮಾಣ ತಗೊಂಡವರಲ್ಲೇ!

ಗಂಗೊಳ್ಳಿಯ ಬೈಗೆ, ಬಂಗುಡೆಯಲ್ಲೂ ಇದೇ ಕೊಬ್ಬಿನಾಮ್ಲ ಇದೆ. ತಿನ್ನೋರು ಧಾರಾಳ ತಿನ್ನಲಿ. ಬೈಗೆಯ ಕೊಬ್ಬು ಕಾಲಕಾಲಕ್ಕೆ ಏರಿಳಿಯುವುದರಿಂದ ಗ್ರಾಂ ಲೆಕ್ಕ ಸಿಗದು, ಅಷ್ಟೆ. ಮೀನು ಮುಟ್ಟದ ಮನೆಗಳಲ್ಲಿ ಅಗಸೆಯ ಹೆಸರು ಕೇಳಿಬರುತ್ತದೆ. ಅಗಸೆಯ ಎಎಲ್‌ಎ ದೇಹದಲ್ಲಿ ಇಪಿಎ ಆಗುವುದು ತೀರಾ ಸ್ವಲ್ಪ. ಪಾಚಿಯಿಂದ ತೆಗೆದ ಎಣ್ಣೆಯೂ ಸಿಗುತ್ತದೆ, ಮೀನಿಗೂ ಇದು ಬರುವುದು ಪಾಚಿಯಿಂದಲೇ. ಅದರ ಡಬ್ಬಿಯನ್ನೂ ಹಿಂದೆ ತಿರುಗಿಸಿಯೇ ಓದಿ.