ಬಾಲದ ಮೇಲಿನ ಹೆಸರು ನೋಡಿ ವಿಮಾನ ಹತ್ತಬಹುದೇ?

ಪ್ರಶ್ನೆ: ಮಗಳಿಗೆ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಬೆಂಗಳೂರಿನಿಂದ ಲಂಡನ್ನಿಗೆ ಟಿಕೆಟ್ ಮಾಡಿಸಬೇಕು. ಅಹಮದಾಬಾದಿನ ದುರಂತವನ್ನು ಟೀವಿಯಲ್ಲಿ ನೋಡಿದ ಮೇಲೆ ನಮ್ಮ ಯಜಮಾನರು, ‘ಏರ್ ಇಂಡಿಯಾ ಒಂದು ಬಿಟ್ಟು ಯಾವುದಾದರೂ ಸರಿ, ದುಡ್ಡು ಹೆಚ್ಚಾದರೂ ಚಿಂತೆಯಿಲ್ಲ’ ಎಂದು ಹಟ ಹಿಡಿದಿದ್ದಾರೆ. ಅದೇ ಯಜಮಾನರು ಅತ್ತೆ-ಮಾವನನ್ನು ಕರೆದುಕೊಂಡು ಮುಕ್ತಿನಾಥ ಯಾತ್ರೆಗೆ ಹೋಗಲು ಹೆಸರು ಕೊಟ್ಟು ಬಂದಿದ್ದಾರೆ. ಅಲ್ಲಿ ಯಾವ ವಿಮಾನ ಎಂದು ಇವರೂ ಕೇಳಿಲ್ಲ, ಟ್ರಾವೆಲ್ಸಿನವರೂ ಹೇಳಿಲ್ಲ. ಸುರಕ್ಷತೆಯಲ್ಲಿ ಒಳ್ಳೆಯ ಹೆಸರಿರುವ ಏರ್‌ಲೈನ್ ಅಂತ ಹುಡುಕಿ ಆರಿಸುವುದರಲ್ಲಿ ನಿಜವಾಗಿ ಅರ್ಥ ಇದೆಯೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಲಂಡನ್ ವಿಮಾನದ ಬಗ್ಗೆ ನಿಮ್ಮ ಯಜಮಾನರು ಮಾಡಿಕೊಂಡಿರುವ ತಲೆಬಿಸಿಯನ್ನು ಅಷ್ಟೂ ಎತ್ತಿ ಮುಕ್ತಿನಾಥದ ಕಡೆಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಯಾಕೆ ಎನ್ನುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ದೊಡ್ಡ ಜೆಟ್ ವಿಮಾನಗಳ ಪ್ರಯಾಣ ಎಷ್ಟು ಸುರಕ್ಷಿತವಾಗಿದೆ ಎಂದರೆ, ಅದೇ ನಮ್ಮ ಆಯ್ಕೆಯನ್ನು ಕಷ್ಟ ಮಾಡಿದೆ. ಅಮೆರಿಕದ ಎಂಐಟಿಯ ಆರ್ನಲ್ಡ್ ಬಾರ್ನೆಟ್ ದಶಕಗಳಿಂದ ಈ ಲೆಕ್ಕ ಇಡುತ್ತಾ ಬಂದವರು. ಅವರ ಪ್ರಕಾರ 1968ರಿಂದ 77ರವರೆಗೆ ಪ್ರಪಂಚದಲ್ಲಿ ಮೂರೂವರೆ ಲಕ್ಷ ಸಲ ಜನ ವಿಮಾನ ಹತ್ತಿದರೆ ಒಬ್ಬರು ಸಾಯುತ್ತಿದ್ದರು. 2018ರಿಂದ 22ರ ಹೊತ್ತಿಗೆ ಅದು 1 ಕೋಟಿ 37 ಲಕ್ಷಕ್ಕೆ ಒಬ್ಬರಾಯಿತು. ಇತ್ತ ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ ಸತ್ತವರು 1,68,491 ಮಂದಿ. ಮಗಳನ್ನು ಬಿಡಲು ನೀವೆಲ್ಲ ರಾತ್ರಿ ಕಾರಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೊರಡುತ್ತೀರಲ್ಲ, ಡ್ರೈವರ್ ಹಿಂದಿನ ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ ಎಂದು ಕೇಳುವುದು ಏರ್‌ಲೈನ್ ಹೆಸರು ನೋಡುವುದಕ್ಕಿಂತ ಮುಖ್ಯ.

ಅಪಘಾತ ಇಷ್ಟು ಅಪರೂಪವಾದಾಗ ಒಂದು ಸಂಸ್ಥೆಯ ಹಳೆಯ ದಾಖಲೆ ಮುಂದಿನದನ್ನು ಹೆಚ್ಚೇನೂ ಹೇಳುವುದಿಲ್ಲ. ದಕ್ಷಿಣ ಕೊರಿಯಾದ ಜೆಜು ಏರ್ 2005ರಲ್ಲಿ ಹುಟ್ಟಿದ ಸಂಸ್ಥೆ. ಅದರ ವಿಮಾನದಲ್ಲಿ ಒಬ್ಬ ಪ್ರಯಾಣಿಕನೂ ಸತ್ತಿರಲಿಲ್ಲ. 2024ರ ಡಿಸೆಂಬರ್ 29ರಂದು ಮುವಾನ್ ನಿಲ್ದಾಣದಲ್ಲಿ ಒಂದೇ ಬೆಳಗಿಗೆ 179 ಮಂದಿ ಹೋದರು. ಮಲೇಷ್ಯಾ ಏರ್‌ಲೈನ್ಸ್‌ಗೂ 2014ರ ಫೆಬ್ರುವರಿಯಲ್ಲಿ ಬಹಳ ಒಳ್ಳೆಯ ಹೆಸರಿತ್ತು. ಮಾರ್ಚ್‌ನಲ್ಲಿ ಒಂದು ವಿಮಾನ ಕಾಣೆಯಾಯಿತು, ಜುಲೈನಲ್ಲಿ ಇನ್ನೊಂದನ್ನು ಉಕ್ರೇನಿನ ಮೇಲೆ ಕ್ಷಿಪಣಿ ಹೊಡೆದುರುಳಿಸಿತು. ಆ ಹೊತ್ತಿನಲ್ಲಿ ಏರ್ ಇಂಡಿಯಾ ಮತ್ತು ಸಿಂಗಾಪುರ ಏರ್‌ಲೈನ್ಸ್ ವಿಮಾನಗಳೂ ಹತ್ತಿರದಲ್ಲೇ ಹಾರುತ್ತಿದ್ದವು. ಅಲ್ಲಿ ಒಬ್ಬರ ಹೆಸರು ಕೆಟ್ಟು ಮತ್ತೊಬ್ಬರದು ಉಳಿದದ್ದಕ್ಕೂ ಅವರ ಮೆಕ್ಯಾನಿಕ್‌ಗಳ ಕೈಚಳಕಕ್ಕೂ ಸಂಬಂಧವಿಲ್ಲ.

ಇದರ ಉಲ್ಟಾ ಕತೆಯೂ ಉಂಟು. ಕೊರಿಯನ್ ಏರ್‌ನ ವಿಮಾನ 1997ರಲ್ಲಿ ಗುವಾಮ್ ದ್ವೀಪದ ಗುಡ್ಡಕ್ಕೆ ಬಡಿದು 228 ಜನ ಸತ್ತರು. ಮತ್ತೆ ಮತ್ತೆ ಅವಘಡಗಳಾಗಿ 1999ರಲ್ಲಿ ಡೆಲ್ಟಾ ಸಂಸ್ಥೆ ಅದರ ಜೊತೆಗಿನ ಪಾಲುದಾರಿಕೆಯನ್ನೇ ನಿಲ್ಲಿಸಿತು, ದೇಶದ ಅಧ್ಯಕ್ಷರೇ ಬಹಿರಂಗವಾಗಿ ಛೀಮಾರಿ ಹಾಕಿದರು. ಆಮೇಲೆ ಡೆಲ್ಟಾದಲ್ಲಿದ್ದ ಡೇವಿಡ್ ಗ್ರೀನ್‌ಬರ್ಗ್ ಎಂಬವರನ್ನೇ ಕರೆತಂದು ಪೈಲಟ್‌ಗಳ ತರಬೇತಿಯನ್ನು ಬುಡದಿಂದ ಬದಲಿಸಿದರು. ಕಿರಿಯ ಪೈಲಟ್ ಹಿರಿಯನಿಗೆ ‘ತಪ್ಪಾಗುತ್ತಿದೆ’ ಎನ್ನಲು ಹೆದರುವ ಪದ್ಧತಿ ಹೋಗಬೇಕಿತ್ತು. ಅಲ್ಲಿಂದೀಚೆಗೆ ಆ ಸಂಸ್ಥೆಯಲ್ಲಿ ಅಪಘಾತಕ್ಕೆ ಒಬ್ಬ ಪ್ರಯಾಣಿಕನೂ ಬಲಿಯಾಗಿಲ್ಲ. 2005ರಲ್ಲಿ ಗುವಾಮ್ ನೆನೆದು ಕೊರಿಯನ್ ಏರ್ ಬೇಡ ಎಂದವರು ತಪ್ಪಿಸಿಕೊಂಡದ್ದು ಆಗಲೇ ರಿಪೇರಿಯಾಗಿದ್ದ ಸಂಸ್ಥೆಯನ್ನು.

ಎಷ್ಟು ಜನ ಸತ್ತರು ಎಂಬುದಕ್ಕಿಂತ ಯಾಕೆ ಸತ್ತರು ಎಂಬುದು ಹೆಚ್ಚು ಹೇಳುತ್ತದೆ. ನಿಮ್ಮ ಊರಿಗೆ ಹತ್ತಿರದ ಬಜ್ಪೆ ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳಿ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ಮುಗಿದರೂ ನಿಲ್ಲದೆ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಬದುಕಿದ್ದು ಎಂಟು ಮಂದಿ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆ ಕಾಕ್‌ಪಿಟ್‌ನ ರೆಕಾರ್ಡಿಂಗ್ ಕೇಳಿತು. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇಲ್ಲ. ನಡುನಡುವೆ ಕ್ಯಾಪ್ಟನ್ನಿನ ಗೊರಕೆ. ಎದ್ದು ಇಳಿಸಲು ಹೊರಟಾಗ ವಿಮಾನ ಇರಬೇಕಾದದ್ದಕ್ಕಿಂತ ತೀರಾ ಎತ್ತರದಲ್ಲಿತ್ತು. ಕೋ-ಪೈಲಟ್ ಒಂದಲ್ಲ, ಮೂರು ಸಲ ‘ಗೋ-ಅರೌಂಡ್’ ಎಂದರು, ಅಂದರೆ ಮೇಲೆತ್ತಿ ಇನ್ನೊಂದು ಸುತ್ತು ಬರೋಣ ಎಂದರು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಹಿಂದೆ ಬಿಟ್ಟ ಮೇಲೆ ಚಕ್ರ ನೆಲ ಮುಟ್ಟಿತು. ರೆಕ್ಕೆ ಹೋಗಿ ಬಡಿದದ್ದು ರನ್‌ವೇ ಆಚೆ, ಇಳಿಯುವ ವಿಮಾನಕ್ಕೆ ದಿಕ್ಕು ತೋರಿಸುವ ಲೋಕಲೈಸರ್ ಆಂಟೆನಾ ಹೊತ್ತಿದ್ದ ಕಾಂಕ್ರೀಟ್ ಕಟ್ಟೆಗೆ. ಹದಿನಾಲ್ಕು ವರ್ಷದ ಮೇಲೆ ಮುವಾನ್‌ನಲ್ಲಿ ಜೆಜು ವಿಮಾನ ಅಪ್ಪಳಿಸಿದ್ದೂ ಅಂಥದೇ ಆಂಟೆನಾದ ಕಾಂಕ್ರೀಟ್ ದಿಬ್ಬಕ್ಕೆ. ಆ ಕಟ್ಟೆ ಕಟ್ಟಿಸಿದ್ದು ಏರ್‌ಲೈನ್ ಅಲ್ಲ, ನಿಲ್ದಾಣದವರು. ಟಿಕೆಟ್ ಮೇಲೆ ಅವರ ಹೆಸರು ಇರುವುದೂ ಇಲ್ಲ.

2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದೇ ಇನ್ನೊಂದು ವಿಮಾನ ಜಾರಿ ಬಿದ್ದು 21 ಜನ ಹೋದರು. ಮಳೆ, ಹಿಂಬದಿಯಿಂದ ಗಾಳಿ, ಕೆಲವೇ ಸೆಕೆಂಡು ಆಡಿ ನಿಂತುಹೋದ ವೈಪರ್. ತನಿಖಾ ವರದಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಆ ಕ್ಯಾಪ್ಟನ್ ಮರುದಿನ ಬೆಳಗ್ಗೆ ಅಲ್ಲಿಂದಲೇ ಇನ್ನೊಂದು ವಿಮಾನ ಹಾರಿಸಬೇಕಿತ್ತು. ಆ ಬೇಸ್‌ನಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳೇ ಇರಲಿಲ್ಲ. ಬೇರೆ ಊರಿಗೆ ತಿರುಗಿಸಿದರೆ ನಾಳೆಯ ಹಾರಾಟ ತಪ್ಪುತ್ತದೆ ಎಂಬ ಒತ್ತಡ ತಲೆಯಲ್ಲಿತ್ತು ಎನ್ನುತ್ತದೆ ವರದಿ. ಆಫೀಸಿನಲ್ಲಿ ಕೂತು ಡ್ಯೂಟಿ ಪಟ್ಟಿ ಬರೆದವನೂ ಆ ರಾತ್ರಿ ಕಾಕ್‌ಪಿಟ್‌ನಲ್ಲಿ ಕೂತಿದ್ದ ಅಂತಲೇ ಅರ್ಥ.

ಒಂದು ಏರ್‌ಲೈನ್ ಎಷ್ಟು ಸುರಕ್ಷಿತ ಎನ್ನುವುದು ಬಹಳ ಮಟ್ಟಿಗೆ ಅದರ ಡ್ಯೂಟಿ ಪಟ್ಟಿ, ತರಬೇತಿ ಮತ್ತು ವರ್ಕ್‌ಶಾಪಿನಲ್ಲಿ ಇರುತ್ತದೆ. ಇವು ಯಾವುದೂ ಟಿಕೆಟ್ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಗಗನಸಖಿಯ ನಗು, ಸೀಟಿನ ಸ್ಥಿತಿ, ಉಪ್ಪಿಟ್ಟಿನ ರುಚಿ. ಏರ್‌ಲೈನ್‌ಗಳಿಗೆ ರೇಟಿಂಗ್ ಕೊಡುವ ಸ್ಕೈಟ್ರ್ಯಾಕ್ಸ್‌ನವರು ನಕ್ಷತ್ರ ಕೊಡುವುದೂ ಇಂಥ ಸೇವೆಗೇ. ಅದನ್ನು ಸುರಕ್ಷತೆಯ ಸರ್ಟಿಫಿಕೇಟ್ ಎಂದು ಓದುವವರು ಬಹಳ. ವರ್ಷಾರಂಭದಲ್ಲಿ ಪತ್ರಿಕೆಗಳಲ್ಲಿ ಬರುವ ‘ಅತ್ಯಂತ ಸುರಕ್ಷಿತ ಏರ್‌ಲೈನ್‌ಗಳು’ ಎಂಬ ಪಟ್ಟಿಯಲ್ಲಿ ಒಂದನೆಯದಕ್ಕೂ ಹತ್ತನೆಯದಕ್ಕೂ ನಡುವೆ ಪ್ರಯಾಣಿಕರಿಗೆ ತಟ್ಟುವಂಥ ವ್ಯತ್ಯಾಸ ಇಲ್ಲ.

ಇಂಡಿಗೋ 2006ರಲ್ಲಿ ಹಾರಾಟ ಶುರು ಮಾಡಿದಂದಿನಿಂದ ಅಪಘಾತದಲ್ಲಿ ಒಬ್ಬ ಪ್ರಯಾಣಿಕನನ್ನೂ ಕಳೆದುಕೊಂಡಿಲ್ಲ. ದೊಡ್ಡ ಮಾತೇ. ಆದರೆ 2025ರ ಡಿಸೆಂಬರ್ ಮೊದಲ ವಾರ ಅದರ ಸಾವಿರಾರು ಹಾರಾಟಗಳು ರದ್ದಾದದ್ದು ಯಾಕೆ? ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳನ್ನು ಕಡಿಮೆ ಮಾಡಿದ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಅದು ಸಜ್ಜು ಮಾಡಿಕೊಂಡಿರಲಿಲ್ಲ. ಜನರ ಸಿಟ್ಟು ಏರಿದಾಗ ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ರಾತ್ರಿ ಡ್ಯೂಟಿಯ ಕೆಲವು ಮಿತಿಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಬಜ್ಪೆಯ ಗೊರಕೆಯನ್ನು ನೆನಪಿಟ್ಟವರು ಸಿಟ್ಟಾಗಬೇಕಿದ್ದದ್ದು ಆ ಸಡಿಲಿಕೆಗೆ.

ಏರ್ ಇಂಡಿಯಾಕ್ಕೆ ಬರೋಣ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನದ ಒಳಗಿದ್ದ 242 ಜನರಲ್ಲಿ ಒಬ್ಬರು ಬದುಕಿದರು. ನೆಲದಲ್ಲಿದ್ದವರನ್ನೂ ಸೇರಿಸಿದರೆ ಸತ್ತವರು 260. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಟೇಕಾಫ್ ಆದ ಕೂಡಲೇ ಒಂದರ ಹಿಂದೊಂದು ‘ಕಟ್‌ಆಫ್’ಗೆ ಹೋದವು ಎಂದು ಪ್ರಾಥಮಿಕ ವರದಿ ಹೇಳಿತು, ಯಾಕೆ ಹೋದವು ಎಂದು ಹೇಳಲಿಲ್ಲ. ಇಷ್ಟನ್ನೇ ಇಟ್ಟುಕೊಂಡು ಇಡೀ ಸಂಸ್ಥೆಯನ್ನು ಬಿಡುವುದು ಅವಸರ. ದುರಂತವಾದ ಎಂಟೇ ದಿನಕ್ಕೆ, ಸಿಬ್ಬಂದಿಯ ಡ್ಯೂಟಿ ಹಂಚಿಕೆಯಲ್ಲಿ ಲೋಪವಾಗಿದೆ ಎಂದು ಏರ್ ಇಂಡಿಯಾದ ಮೂವರು ಅಧಿಕಾರಿಗಳನ್ನು ಆ ಕೆಲಸದಿಂದ ತೆಗೆಯಲು ಡಿಜಿಸಿಎ ಆದೇಶಿಸಿದ ಸುದ್ದಿ ಬಂತು. ಬೆಂಕಿಯ ದೃಶ್ಯಗಳ ನಡುವೆ ಅದನ್ನು ಓದಿದವರು ಕಡಿಮೆ. ನನ್ನನ್ನು ಕೇಳಿದರೆ ಒಂದು ಸಂಸ್ಥೆಯನ್ನು ತೂಗಲು ಇಂಥ ಸುದ್ದಿಯೇ ಹೆಚ್ಚು ಉಪಯೋಗ.

ಇನ್ನೊಂದು ತೊಡಕು, ಹೆಸರು ಒಂದೇ ಇದ್ದರೂ ಒಳಗಿನ ಸಂಸ್ಥೆ ಬದಲಾಗಿರುತ್ತದೆ. ಬಜ್ಪೆಯ ಕಾಲದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸರ್ಕಾರದ್ದು. 2022ರಿಂದ ಟಾಟಾದವರದು, 2024ರಲ್ಲಿ ಹಳೆಯ ಏರ್‌ಏಷ್ಯಾ ಇಂಡಿಯಾ ಅದರಲ್ಲಿ ಸೇರಿಹೋಯಿತು. ‘ನಾನು ವಿಸ್ತಾರಾ ಮಾತ್ರ ಹತ್ತುವುದು’ ಎನ್ನುತ್ತಿದ್ದವರು 2024ರ ನವೆಂಬರ್‌ನಿಂದ ಹತ್ತುತ್ತಿರುವುದು ಏರ್ ಇಂಡಿಯಾವನ್ನೇ. ಟಿಕೆಟ್‌ನಲ್ಲಿ ವಿಮಾನದ ನಂಬರಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಆಪರೇಟೆಡ್ ಬೈ’ ಎಂದು ಒಂದು ಸಾಲು ಇರುತ್ತದೆ, ಅದನ್ನೂ ನೋಡಿ. ಟಿಕೆಟ್ ಮಾರಿದವರು ಒಬ್ಬರು, ಹಾರಿಸುವವರು ಇನ್ನೊಬ್ಬರು ಆಗಿರುವುದು ಈಗ ಮಾಮೂಲು.

ಹಾಗಾದರೆ ನೋಡಲು ಏನೂ ಇಲ್ಲವೇ? ಇದೆ. ಏರ್‌ಲೈನ್‌ಗಿಂತ ಮೊದಲು ಅದರ ದೇಶ ನೋಡಿ. ಯುರೋಪಿಯನ್ ಯೂನಿಯನ್ 2006ರಿಂದ ತನ್ನ ಆಕಾಶಕ್ಕೆ ಬಿಡದ ಏರ್‌ಲೈನ್‌ಗಳ ಪಟ್ಟಿ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಏರ್‌ಲೈನ್‌ಗಳ ಒಕ್ಕೂಟವಾದ ಐಯಾಟಾ ನಡೆಸುವ ‘ಐಯೋಸಾ’ ತಪಾಸಣೆಯಲ್ಲಿ ತೇರ್ಗಡೆಯಾದವರ ಪಟ್ಟಿಯೂ ಬಹಿರಂಗವಾಗಿದೆ. ನಮ್ಮ ಡಿಜಿಸಿಎಯೂ ಪರೀಕ್ಷೆ ಮೀರಿದ್ದಲ್ಲ. 2014ರ ಜನವರಿಯಲ್ಲಿ ಅಮೆರಿಕ ಭಾರತದ ವಿಮಾನ ಸುರಕ್ಷತಾ ದರ್ಜೆಯನ್ನು ಇಳಿಸಿತ್ತು. ಮತ್ತೆ ಮೊದಲಿನ ದರ್ಜೆ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ.

ಯುರೋಪಿನ ಆ ಪಟ್ಟಿಯಲ್ಲಿ 2013ರ ಡಿಸೆಂಬರ್‌ನಿಂದ ನೇಪಾಳದ ಏರ್‌ಲೈನ್‌ಗಳು ಒಂದೂ ಬಿಡದೆ ಇವೆ. ಮುಕ್ತಿನಾಥ ಇರುವುದು ನೇಪಾಳದಲ್ಲೇ, ನಿಮ್ಮ ಅತ್ತೆ-ಮಾವ ಹತ್ತಲಿರುವುದು ಅಂಥ ಒಂದನ್ನು. ಅಲ್ಲಿನ ವಿಮಾನಯಾನ ಪ್ರಾಧಿಕಾರ ನಿಲ್ದಾಣಗಳನ್ನು ನಡೆಸುವುದೂ ಹೌದು, ಸುರಕ್ಷತೆಯನ್ನು ತಪಾಸಣೆ ಮಾಡುವುದೂ ಹೌದು. ಪರೀಕ್ಷೆ ಬರೆದವನೇ ಕೂತು ಮಾರ್ಕು ಹಾಕಿಕೊಂಡ ಹಾಗೆ. ಇವೆರಡನ್ನೂ ಬೇರೆ ಮಾಡಿ ಎಂದು ಯುರೋಪು ಹೇಳುತ್ತಲೇ ಬಂದಿದೆ.

ಮುಕ್ತಿನಾಥಕ್ಕೆ ಹೋಗುವ ವಿಮಾನ ಇಳಿಯುವುದು ಜೋಮ್‌ಸೋಮ್‌ನಲ್ಲಿ, ಪೋಖರಾದಿಂದ ಅಲ್ಲಿಗೆ ಇಪ್ಪತ್ತು ನಿಮಿಷದ ಹಾದಿ. ಒಂದು ಕಡೆ ಅನ್ನಪೂರ್ಣ, ಇನ್ನೊಂದು ಕಡೆ ಧವಳಗಿರಿ, ನಡುವೆ ಕಾಳಿ ಗಂಡಕಿಯ ಕಣಿವೆಯಲ್ಲಿ ಚಿಕ್ಕ ಟ್ವಿನ್ ಆಟರ್ ವಿಮಾನ ಹೋಗುತ್ತದೆ. ಪೈಲಟ್ ಬೆಟ್ಟ ಕಣ್ಣಾರೆ ನೋಡಿಕೊಂಡೇ ಹಾರಿಸಬೇಕು. ಹೊತ್ತು ಏರಿದಂತೆ ಕಣಿವೆಯಲ್ಲಿ ಗಾಳಿ ಬೀಸಲು ಶುರುವಾಗುತ್ತದೆ, ಅದಕ್ಕೇ ಹಾರಾಟ ಬೆಳಗಿನ ಹೊತ್ತು ಮಾತ್ರ. 2022ರ ಮೇ 29ರಂದು ಇದೇ ಹಾದಿಯಲ್ಲಿ ಬಿದ್ದ ವಿಮಾನದ 22 ಜನರಲ್ಲಿ ಯಾರೂ ಉಳಿಯಲಿಲ್ಲ. ಅವರಲ್ಲಿ ನಾಲ್ವರು ಭಾರತೀಯರು. ಮರುವರ್ಷ ಜನವರಿ 15ರಂದು ಕಾಠ್ಮಂಡುವಿನಿಂದ ಬಂದ ಎಟಿಆರ್ ವಿಮಾನ ಪೋಖರಾದಲ್ಲಿ ಇಳಿಯುವ ಮುನ್ನ ಬಿದ್ದು 72 ಮಂದಿ ಸತ್ತರು. ಫ್ಲ್ಯಾಪ್ ಲಿವರ್ ಎಳೆಯಬೇಕಾದಲ್ಲಿ ಪಕ್ಕದ ಲಿವರ್‌ಗಳನ್ನು ಎಳೆದು ಪ್ರೊಪೆಲ್ಲರ್‌ಗಳ ಎಳೆತವೇ ಹೋಗಿತ್ತು. ಆ ಪೈಲಟ್‌ಗಳಿಗೆ ಅದು ಆ ದಿನದ ಮೂರನೇ ಹಾರಾಟ.

ರಸ್ತೆಯಲ್ಲೇ ಹೋಗಲಿ ಎನ್ನೋಣ ಎಂದರೆ ನೇಪಾಳದ ಘಾಟಿ ರಸ್ತೆಗಳೂ ಕಡಿಮೆಯೇನಲ್ಲ. 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯಾತ್ರಿಗಳ ಬಸ್ಸು ಮರ್ಸ್ಯಾಂಗ್ದಿ ನದಿಗೆ ಬಿದ್ದದ್ದನ್ನು ಓದಿರುತ್ತೀರಿ. ಆದ್ದರಿಂದ ಅಲ್ಲಿ ಆರಿಸಬೇಕಾದದ್ದು ದಿನವನ್ನು. ಮಳೆಗಾಲ ಬೇಡ. ಪೋಖರಾದಲ್ಲಿ ಕನಿಷ್ಠ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳುವ ಪ್ಯಾಕೇಜ್ ಕೇಳಿ. ‘ಇವತ್ತು ಮುಕ್ತಿನಾಥ, ನಾಳೆ ಕಾಠ್ಮಂಡು, ನಾಡಿದ್ದು ಬೆಂಗಳೂರು’ ಎಂದು ಬಿಗಿದು ಕಟ್ಟಿದ ಟೂರಿನಲ್ಲಿ ಮೋಡ ಕವಿದ ದಿನವೂ ಹಾರಿಸಿ ಎಂಬ ಒತ್ತಾಯ ತಾನಾಗಿ ಹುಟ್ಟುತ್ತದೆ, ಹಲವು ಸಲ ಯಾತ್ರಿಗಳ ಬಾಯಿಂದಲೇ. ಬೆಳಗಿನ ಮೊದಲ ಹಾರಾಟದಲ್ಲಿ ಸೀಟು ಮಾಡಿಸಲು ಹೇಳಿ. ಹವೆ ಸರಿಯಿಲ್ಲದೆ ಹಾರಾಟ ರದ್ದಾದರೆ ಹಣ ವಾಪಸೋ, ಜೀಪ್ ವ್ಯವಸ್ಥೆಯೋ ಎಂಬುದನ್ನು ಟ್ರಾವೆಲ್ಸಿನವರಿಂದ ಬರಹದಲ್ಲೇ ತೆಗೆದುಕೊಳ್ಳಿ. ಇದಕ್ಕೆ ಒಪ್ಪದ ಟ್ರಾವೆಲ್ಸ್ ಆದರೆ ಕೊಟ್ಟ ಹೆಸರು ವಾಪಸ್ ಪಡೆಯಿರಿ.

ಮಗಳಿಗೆ ಲಂಡನ್ನಿನ ನೇರ ವಿಮಾನಗಳಲ್ಲಿ ದರ, ಹೊತ್ತು ಅನುಕೂಲವಾದದ್ದನ್ನು ಮಾಡಿಸಿ, ಅದು ಏರ್ ಇಂಡಿಯಾ ಆದರೂ ನಾನು ಬೇಡ ಎನ್ನುವುದಿಲ್ಲ. ಯಜಮಾನರ ಮನಸ್ಸು ಒಪ್ಪುವುದೇ ಇಲ್ಲ ಎಂದಾದರೆ ಬೇರೆ ಏರ್‌ಲೈನ್‌ನ ನೇರ ವಿಮಾನಕ್ಕೆ ನಾಲ್ಕು ಸಾವಿರ ಹೆಚ್ಚು ಕೊಡಿ. ಅದು ಮನೆಯ ನೆಮ್ಮದಿಗೆ ಕೊಟ್ಟ ಹಣ, ಸುರಕ್ಷತೆಗೆ ಅಲ್ಲ.